‘ಲಾಯಲ್ಟಿ’ ಆಸ್ಪತ್ರೆ ಹಡಗಿನ ಸ್ಮಾರಕ ಪದಕ: ತೂತು ಬಿದ್ದ ಒಂದು ಪ್ರತಿಯ ಬಗ್ಗೆ

ಕಡಲಕರೆ

ಎಲ್ಲರಿಗೂ ನಮಸ್ಕಾರ. ಉಡುಪಿಯ ಹತ್ತಿರವಿರುವ ನಮ್ಮ ಹಳೆಯ ಮನೆಯನ್ನು ಕೆಡಹುವ ಮೊದಲು ಅಟ್ಟದ ಸಾಮಾನುಗಳನ್ನು ಇಳಿಸುತ್ತಿದ್ದಾಗ, ತುಕ್ಕು ಹಿಡಿದ ತಗಡಿನ ಪೆಟ್ಟಿಗೆಯೊಂದರಲ್ಲಿ ಭೂಮಿಯ ಹಳೆಯ ಪಟ್ಟಿಗಳ ಕೆಳಗೆ ಒಂದು ದುಂಡನೆಯ ಕಂಚಿನ ಬಿಲ್ಲೆ ಸಿಕ್ಕಿತು. ಅದರ ಮೇಲಿನ ಚಿತ್ರ ಬಹಳ ಸವೆದಿದ್ದು, ಬೆಳಕಿಗೆ ಓರೆಯಾಗಿ ಹಿಡಿದರೆ ಒಂದು ಹಡಗಿನ ಆಕಾರ ಕಾಣುತ್ತದೆ. ಇಂಗ್ಲಿಷ್ ಅಕ್ಷರಗಳಲ್ಲಿ ‘ಲಾಯಲ್ಟಿ’ ಎಂಬ ಪದವನ್ನೂ 1918 ಎಂಬ ಅಂಕಿಯನ್ನೂ ಮಾತ್ರ ನಿಸ್ಸಂದೇಹವಾಗಿ ಓದಬಹುದು. ಮೇಲ್ಭಾಗದಲ್ಲಿ ಅಂಚಿಗೆ ಹತ್ತಿರವಾಗಿ ಒಂದು ತೂತು ಇದೆ.

ನನ್ನ ಮುತ್ತಜ್ಜ, ನಾವು ಪಿಜ್ಜ ಎನ್ನುತ್ತೇವೆ, ಮೊದಲ ಮಹಾಯುದ್ಧದ ಕಾಲದಲ್ಲಿ ಮುಂಬಯಿಯಲ್ಲಿದ್ದರು. ಅವರು ಯುದ್ಧದ ಹಡಗಿನಲ್ಲಿ ಹೋಗಿ ಬಂದರೆಂದೂ ಸರಕಾರ ಅವರಿಗೆ ಪದಕ ಕೊಟ್ಟಿತೆಂದೂ ಮನೆಯಲ್ಲಿ ಹೇಳುತ್ತಿದ್ದ ಮಾತನ್ನು ಚಿಕ್ಕಂದಿನಿಂದ ಕೇಳಿದ್ದೇನೆ. ಈ ಬಿಲ್ಲೆಯೇ ಆ ಪದಕವಿರಬಹುದೇ? ಇದರಿಂದ ಅವರ ಸೇವೆಯನ್ನು ರುಜುವಾತು ಮಾಡಲು ಸಾಧ್ಯವೇ? ನಮ್ಮೂರಿನ ಚಿನ್ನದ ಆಚಾರಿಯವರು ತೂತನ್ನು ಕಂಚಿನಿಂದಲೇ ಮುಚ್ಚಿ, ಗುರುತು ಸಿಗದಂತೆ ಮಾಡಿಕೊಡುತ್ತೇನೆ ಎಂದಿದ್ದಾರೆ; ಮಾಡಿಸಬಹುದೇ? ಒಂದು ಬದಿಯ ಕಾಲು ಭಾಗವನ್ನು ನಾನು ಹುಣಸೆಹಣ್ಣು ಹಾಕಿ ತಿಕ್ಕಿದ್ದೇನೆ ಎಂಬುದನ್ನೂ ಮುಚ್ಚಿಡದೆ ಹೇಳಿಬಿಡುತ್ತೇನೆ.

ಟಂಕಪ್ರಿಯ

ಕಡಲಕರೆಯವರೇ, ಮೊದಲು ಆ ಹುಣಸೆಹಣ್ಣನ್ನು ಅಡುಗೆಮನೆಗೆ ಹಿಂದಿರುಗಿಸಿ. ದೇವರ ಕೋಣೆಯ ದೀಪಕ್ಕೂ ಪದಕಕ್ಕೂ ಇರುವ ವ್ಯತ್ಯಾಸ ಇಷ್ಟೇ: ದೀಪ ಹೊಳೆದರೆ ಚೆಂದ, ಪದಕ ಹೊಳೆದರೆ ಅದರ ಮೇಲೆ ನೂರು ವರ್ಷಗಳಲ್ಲಿ ಕಟ್ಟಿಕೊಂಡ ಕಂದು ಪದರ ಹೋಯಿತೆಂದು ಅರ್ಥ. ಹುಳಿ ಆ ಪದರವನ್ನು ಕರಗಿಸುವುದಲ್ಲದೆ, ಅಕ್ಷರಗಳ ಸಂದಿಯಲ್ಲಿ ಉಳಿದುಕೊಂಡು ಮುಂದೆ ಕಿಲುಬಿಗೂ ದಾರಿ ಮಾಡುತ್ತದೆ. ಬಟ್ಟಿ ಇಳಿಸಿದ ನೀರಿನಲ್ಲಿ ಚೆನ್ನಾಗಿ ತೊಳೆದು, ಮೆತ್ತನೆಯ ಹತ್ತಿ ಬಟ್ಟೆಯಿಂದ ಒತ್ತಿ ಒರಸಿ, ಒಂದು ದಿನ ಗಾಳಿಗೆ ಬಿಡಿ. ಇನ್ನೇನೂ ಮಾಡಬೇಡಿ. ಆಚಾರಿಯವರ ಕೈಗೆ ಖಂಡಿತ ಕೊಡಬೇಡಿ.

ಇನ್ನು ಪದಕದ ವಿಚಾರ. ಇದು ‘ಲಾಯಲ್ಟಿ’ ಎಂಬ ಆಸ್ಪತ್ರೆ ಹಡಗಿನ ನೆನಪಿಗಾಗಿ ಹೊರಡಿಸಿದ ಪದಕ. ಮೊದಲ ಮಹಾಯುದ್ಧದಲ್ಲಿ ಭಾರತದ ಸಂಸ್ಥಾನಗಳ ಅರಸರು, ಗ್ವಾಲಿಯರ್ ಮಹಾರಾಜ ಮಾಧವರಾವ್ ಸಿಂಧಿಯಾ ಹಾಗೂ ಭೋಪಾಲದ ಸುಲ್ತಾನ್ ಜಹಾನ್ ಬೇಗಂ ಅವರ ಮುಂದಾಳತ್ವದಲ್ಲಿ, ಹಣ ಕೂಡಿಸಿ ಒಂದು ಹಡಗನ್ನು ಕೊಂಡು ಆಸ್ಪತ್ರೆಯಾಗಿ ಸಜ್ಜುಗೊಳಿಸಿದರು. 1914ರ ಕೊನೆಯಿಂದ 1918ರ ಕೊನೆಯವರೆಗೆ ನಾಲ್ಕು ವರ್ಷ ನಡೆದ ಈ ಹಡಗು ಹದಿನೈದು ಸಾವಿರಕ್ಕೂ ಹೆಚ್ಚು ಗಾಯಾಳುಗಳನ್ನೂ ರೋಗಿಗಳನ್ನೂ ಸಾಗಿಸಿತು.

ನಿಮ್ಮ ಮನೆಯ ಮಾತಿನ ಬಗ್ಗೆ ಒಂದು ಕಹಿ ಸಂಗತಿಯನ್ನು ಹೇಳಲೇಬೇಕು. ಯುದ್ಧಸೇವೆಗೆ ಸರಕಾರ ಕೊಟ್ಟ ಪದಕವೇ ಬೇರೆ, ಒಂದು ಸಂಗತಿಯ ನೆನಪಿಗೆ ಅಚ್ಚು ಹಾಕಿಸಿದ ಪದಕವೇ ಬೇರೆ. ಸೇವೆಯ ಪದಕಕ್ಕೆ ಪಟ್ಟಿಯನ್ನು ಪೋಣಿಸುವ ಕೊಂಡಿ ಹುಟ್ಟಿನಿಂದಲೇ ಇರುತ್ತದೆ. ಅದನ್ನು ಎದೆಯ ಮೇಲೆ ಧರಿಸುತ್ತಾರೆ. ಆ ಯುದ್ಧದ ಬ್ರಿಟಿಷ್ ವಾರ್ ಮೆಡಲ್ಲಿನ ಅಂಚನ್ನು ನೋಡಿದರೆ ಸೈನಿಕನ ಸಂಖ್ಯೆ, ಹುದ್ದೆ, ಹೆಸರು, ದಳ ಎಲ್ಲವನ್ನೂ ಸಣ್ಣ ಅಕ್ಷರಗಳಲ್ಲಿ ಕೊರೆದಿರುತ್ತಾರೆ. ಸ್ಮಾರಕ ಪದಕ ಪೆಟ್ಟಿಗೆಯಲ್ಲಿಟ್ಟು ನೋಡುವ ವಸ್ತು. ನಿಮ್ಮ ಬಿಲ್ಲೆಯ ಅಂಚಿನಲ್ಲಿ ಏನಾದರೂ ಬರೆದಿದೆಯೇ, ಭೂತಗನ್ನಡಿಯಲ್ಲಿ ಸುತ್ತಲೂ ನೋಡಿ ತಿಳಿಸಿ. ತೂತಿನ ಒಳಗೋಡೆ ಚೂಪಾಗಿದೆಯೇ ಸವೆದಿದೆಯೇ ಎಂಬುದನ್ನೂ ನೋಡಿ.

ಕಡಲಕರೆ

ಅಂಚು ನುಣುಪಾಗಿದೆ, ಏನೂ ಬರೆದಿಲ್ಲ. ತೂತಿನ ಒಳಗೋಡೆ ಮೇಲ್ಗಡೆ ಉಗುರಿಗೂ ತಾಕದಷ್ಟು ನಯವಾಗಿ ಸವೆದಿದೆ, ಕೆಳಗಡೆ ಇನ್ನೂ ಸ್ವಲ್ಪ ಒರಟಾಗಿದೆ. ಹಾಗಾದರೆ ಪಿಜ್ಜ ಆ ಹಡಗಿನಲ್ಲಿ ಇರಲೇ ಇಲ್ಲವೇ?

ಟಂಕಪ್ರಿಯ

ಇರಲಿಲ್ಲ ಎಂದು ನಾನು ಹೇಳಲಿಲ್ಲ, ಇದ್ದರು ಎಂದು ಈ ಪದಕ ಹೇಳುವುದಿಲ್ಲ. ಹೆಸರಿಲ್ಲದ ಪದಕ ಯಾರ ಕೈಯಲ್ಲಿದ್ದರೂ ಅವರದೇ. ಮುಂಬಯಿಯ ಗುಜರಿ ಅಂಗಡಿಯಲ್ಲಿ ಕೊಂಡದ್ದೂ ಆಗಿರಬಹುದು. ಅವರು ಹಡಗಿನಲ್ಲೋ ಆಸ್ಪತ್ರೆಯಲ್ಲೋ ಡೋಲಿ ಹೊರುವವರಾಗಿ, ಅಡುಗೆಯವರಾಗಿ ದುಡಿದಿದ್ದರೆ ಹುಡುಕಬೇಕಾದ ವಸ್ತು ಬೇರೊಂದಿದೆ. ಸೈನಿಕರಿಗೆ ಬೆಳ್ಳಿಯಲ್ಲಿ ಕೊಟ್ಟ ಅದೇ ಬ್ರಿಟಿಷ್ ವಾರ್ ಮೆಡಲ್ಲನ್ನು ಕೂಲಿದಳದವರಿಗೂ ಪಡೆಯ ಹಿಂದೆ ದುಡಿದ ಕೆಳಗಿನ ಕೆಲಸಗಾರರಿಗೂ ಕಂಚಿನಲ್ಲಿ ಕೊಟ್ಟರು. ಸಾವಿನ ಮುಂದೆ ಎಲ್ಲರೂ ಒಂದೇ ಎನ್ನುವ ಸರಕಾರ ಪದಕದ ಲೋಹದಲ್ಲಿ ಮಾತ್ರ ಪಂಕ್ತಿಭೇದ ಬಿಡಲಿಲ್ಲ. ಆ ಪೆಟ್ಟಿಗೆಯ ತಳವನ್ನು ಇನ್ನೊಮ್ಮೆ ಜಾಲಾಡಿ. ಐದನೆಯ ಜಾರ್ಜ್ ದೊರೆಯ ತಲೆ ಒಂದು ಬದಿಗೂ, ಕುದುರೆಯ ಮೇಲೆ ಕುಳಿತ ಬೆತ್ತಲೆ ಪುರುಷ ಇನ್ನೊಂದು ಬದಿಗೂ ಇರುವ ಕಂಚಿನ ಪದಕ ಸಿಕ್ಕಿದರೆ ಅದರ ಅಂಚಿನಲ್ಲಿ ನಿಮ್ಮ ಪಿಜ್ಜನ ಹೆಸರಿರಬಹುದು.

ಹಾಯಿಹಗ್ಗ

ಪದಕಗಳ ವಿಷಯದಲ್ಲಿ ನಾನು ಅಜ್ಞಾನಿ, ಆದರೆ ಹಡಗಿನ ವಿಷಯದಲ್ಲಿ ಸುಮ್ಮನಿರಲಾರೆ. ‘ಲಾಯಲ್ಟಿ’ ಎಂಬುದು ಆ ಹಡಗಿನ ಎರಡನೆಯ ಹೆಸರು. ಮೊದಲ ಹೆಸರು ‘ಎಂಪ್ರೆಸ್ ಆಫ್ ಇಂಡಿಯಾ’. ಇಂಗ್ಲೆಂಡಿನ ಬ್ಯಾರೋ ಬಂದರಿನಲ್ಲಿ ಕಟ್ಟಿ 1890ರ ಆಗಸ್ಟಿನಲ್ಲಿ ನೀರಿಗಿಳಿಸಿದ ಈ ಹಡಗು ಕೆನಡಿಯನ್ ಪೆಸಿಫಿಕ್ ಕಂಪನಿಯದು. ಸುಮಾರು 5,900 ಟನ್ನಿನ, ಎರಡು ಹೊಗೆಕೊಳವೆ ಮತ್ತು ಮೂರು ಕೂವೆಮರಗಳಿದ್ದ, ಮೂತಿ ಹಾಯಿಹಡಗಿನಂತೆ ಮುಂದಕ್ಕೆ ಚಾಚಿದ್ದ ಚೆಲುವಾದ ಹಡಗು. ತನ್ನ ಜೊತೆಯ ‘ಜಪಾನ್’, ‘ಚೀನಾ’ ಎಂಬ ಇನ್ನಿಬ್ಬರು ‘ಸಾಮ್ರಾಜ್ಞಿ’ಯರೊಡನೆ ಇಪ್ಪತ್ತಕ್ಕೂ ಹೆಚ್ಚು ವರ್ಷ ವ್ಯಾಂಕೂವರ್ ಮತ್ತು ಹಾಂಗ್‌ಕಾಂಗ್ ನಡುವೆ ಟಪಾಲನ್ನೂ ರೇಷ್ಮೆಯನ್ನೂ ಶ್ರೀಮಂತ ಪ್ರಯಾಣಿಕರನ್ನೂ ಹೊತ್ತು ಶಾಂತಸಾಗರವನ್ನು ದಾಟಿತು. 1903ರಲ್ಲಿ ಚೀನಾದ ಒಂದು ಯುದ್ಧನೌಕೆಗೆ ಡಿಕ್ಕಿ ಹೊಡೆದು ಅದನ್ನು ಮುಳುಗಿಸಿದ ಕೀರ್ತಿಯೂ ಇದಕ್ಕಿದೆ. ಮುಂದೆ ಗಾಯಾಳುಗಳನ್ನು ಸಾಗಿಸಿದ ಹಡಗು ಹಿಂದೆ ಒಂದು ಯುದ್ಧನೌಕೆಯನ್ನೇ ಮುಳುಗಿಸಿತ್ತು ಎಂಬುದನ್ನು ಯಾವ ಪದಕದಲ್ಲಿಯೂ ಕೆತ್ತುವುದಿಲ್ಲವಷ್ಟೆ.

ಈ ಮೂರು ಹಡಗುಗಳಿಗೆ ಮೊದಲಿನಿಂದಲೂ ಬಿಳಿ ಬಣ್ಣ ಬಳಿಯುತ್ತಿದ್ದರು. ‘ಬಿಳಿಯ ಸಾಮ್ರಾಜ್ಞಿಯರು’ ಎಂದೇ ಜನ ಕರೆಯುತ್ತಿದ್ದರು. ಆಸ್ಪತ್ರೆ ಹಡಗು ಬಿಳಿಯಾಗಿರಬೇಕೆಂಬುದು 1907ರ ಹೇಗ್ ಒಪ್ಪಂದದ ನಿಯಮ. ಮದುವೆಗೆಂದು ಉಟ್ಟ ಸೀರೆಯೇ ಸೇವೆಗೂ ಒದಗಿದಂತಾಯಿತು.

ಸಿಂಧಿಯಾ ಮಹಾರಾಜರಿಗೆ ಇದು ಮೊದಲ ಅನುಭವವೂ ಅಲ್ಲ. 1900ರಲ್ಲಿ ಚೀನಾದ ಬಾಕ್ಸರ್ ದಂಗೆಯನ್ನು ಅಡಗಿಸಲು ಸೈನ್ಯ ಹೊರಟಾಗ ಅವರು ‘ಗ್ವಾಲಿಯರ್’ ಎಂಬ ಆಸ್ಪತ್ರೆ ಹಡಗನ್ನು ಒದಗಿಸಿದ್ದರು ಮತ್ತು ತಾವೂ ಚೀನಾಕ್ಕೆ ಹೋಗಿದ್ದರು.

ಪ್ರಶ್ನಾರ್ಥಕ

ಎಲ್ಲರೂ ಹಡಗಿನ ಚೆಲುವನ್ನು ಹೊಗಳುತ್ತಿದ್ದೀರಿ, ಆದರೆ ಅದಕ್ಕೆ ಇಟ್ಟ ಹೆಸರನ್ನು ಯಾರೂ ಓದುತ್ತಿಲ್ಲ. ‘ಲಾಯಲ್ಟಿ’ ಎಂದರೆ ನಿಷ್ಠೆ; ಆ ಕಾಲದಲ್ಲಿ ಅರಸರ ಬಾಯಲ್ಲಿ ಅದರ ಅರ್ಥ ಬ್ರಿಟಿಷ್ ಚಕ್ರವರ್ತಿಗೆ ತೋರಿಸುವ ರಾಜಭಕ್ತಿ. ಗಾಯಗೊಂಡ ಬಡ ಸಿಪಾಯಿಯನ್ನು ಮಲಗಿಸುವ ಹಡಗಿಗೆ ‘ಕರುಣೆ’ ಎಂದೋ ‘ಆಶ್ರಯ’ ಎಂದೋ ಹೆಸರಿಡಬಹುದಿತ್ತು. ಹಾಗೆ ಮಾಡದೆ, ಈ ಮಂಚಗಳನ್ನೆಲ್ಲ ನಾವು ಯಾರಿಗಾಗಿ ಹಾಕಿಸಿದ್ದೇವೆ ಎಂಬುದನ್ನು ದೊರೆಗೆ ದೂರದಿಂದಲೇ ಕಾಣುವಂತೆ ಹಡಗಿನ ಮೂತಿಯ ಮೇಲೆ ಬರೆಸಿದರು. ಅನಂತರ ಪದಕ ಹೊಡೆಸಿದರು. ಆ ಪದಕದಲ್ಲಿ ಹಡಗಿಗೆ ಜಾಗವಿದೆ, ಹಡಗಿನಲ್ಲಿ ಮಲಗಿದವನಿಗೆ ಜಾಗವಿಲ್ಲ. ನನ್ನ ಮಟ್ಟಿಗೆ ಇದು ದಾನದ ರಸೀದಿ, ಸ್ಮಾರಕವಲ್ಲ.

ಕಡಲಕರೆಯವರ ಪಿಜ್ಜನಿಗೆ ಈ ಪದಕ ಸೇರಿದ್ದಲ್ಲದಿದ್ದರೆ ಅದು ಅವರ ಮರ್ಯಾದೆಗೆ ಕಡಿಮೆಯೇನಲ್ಲ ಎಂಬುದನ್ನೂ ಸೇರಿಸುತ್ತೇನೆ.

ನಿವೃತ್ತ ದಾದಿ

ಪ್ರಶ್ನಾರ್ಥಕರೇ, ನಿಮ್ಮ ಸಿಟ್ಟು ನನಗೆ ಅರ್ಥವಾಗುತ್ತದೆ, ಆದರೆ ನಾನು ಸೇನಾ ಆಸ್ಪತ್ರೆಗಳಲ್ಲಿ ದುಡಿದವಳು; ಮಂಚದ ಕಡೆಯಿಂದ ನೋಡುವ ಅಭ್ಯಾಸ ಬಿಡಲಾರೆ. ಹಡಗು ಇಲ್ಲದಿದ್ದರೆ ಏನಾಗುತ್ತಿತ್ತು ಎಂಬುದಕ್ಕೆ ಊಹೆ ಬೇಕಿಲ್ಲ, ಮೆಸಪೊಟೇಮಿಯಾದ, ಅಂದರೆ ಇಂದಿನ ಇರಾಕಿನ, ದಾಖಲೆಯೇ ಇದೆ.

1915ರ ನವೆಂಬರಿನಲ್ಲಿ ಬಾಗ್ದಾದಿಗೆ ಹತ್ತಿರದ ಟೆಸಿಫಾನಿನಲ್ಲಿ ಭಾರತೀಯ ಸೇನೆ ತುರ್ಕರೊಡನೆ ಹೋರಾಡಿ ಸಾವಿರಾರು ಗಾಯಾಳುಗಳೊಂದಿಗೆ ಹಿಂದೆ ಸರಿಯಬೇಕಾಯಿತು. ಗಾಯಾಳುಗಳನ್ನು ಸ್ಪ್ರಿಂಗ್ ಇಲ್ಲದ ಸಾಮಾನಿನ ಗಾಡಿಗಳಲ್ಲಿ ಹೇರಿ ನದಿಯ ದಂಡೆಗೆ ತಂದರು, ಅಲ್ಲಿಂದ ಮದ್ದುಗುಂಡು ಮತ್ತು ಪ್ರಾಣಿಗಳನ್ನು ಸಾಗಿಸಿದ್ದ ದೋಣಿಗಳಲ್ಲಿಯೇ ಟೈಗ್ರಿಸ್ ನದಿಯಲ್ಲಿ ಬಸ್ರಾಕ್ಕೆ ಇಳಿಸಿದರು. ಬಸ್ರಾದಲ್ಲಿ ‘ವರೇಲಾ’ ಎಂಬ ಆಸ್ಪತ್ರೆ ಹಡಗಿನ ವೈದ್ಯಾಧಿಕಾರಿಯಾಗಿದ್ದ ಮೇಜರ್ ಕಾರ್ಟರ್, ‘ಮೆಜಿದಿಯೆ’ ಎಂಬ ದೋಣಿ ಬರುವುದನ್ನು ದೂರದಿಂದ ನೋಡಿ, ಅದರ ಪಕ್ಕಗಳಿಂದ ಹಗ್ಗಗಳು ಜೋತುಬಿದ್ದಿವೆ ಎಂದುಕೊಂಡರಂತೆ. ಹತ್ತಿರ ಬಂದಾಗ ಅದು ಹಗ್ಗವಾಗಿರಲಿಲ್ಲ. ಅತಿಸಾರದಿಂದ ನರಳುತ್ತಿದ್ದ, ಎದ್ದು ಹೋಗಲು ಜಾಗವಿಲ್ಲದೆ ಒತ್ತೊತ್ತಾಗಿ ಬಿದ್ದಿದ್ದ ಮನುಷ್ಯರ ಮಲ ಅಂಚಿನಿಂದ ಇಳಿದು ಒಣಗಿ ಗಟ್ಟಿಯಾಗಿತ್ತು. ಇದನ್ನು ವರದಿ ಮಾಡಿದ್ದಕ್ಕೆ ಕಾರ್ಟರ್ ಅವರನ್ನು ಮೇಲಧಿಕಾರಿಗಳು ಗದರಿಸಿದರು. ಕೊನೆಗೆ 1917ರಲ್ಲಿ ಮೆಸಪೊಟೇಮಿಯಾ ಆಯೋಗದ ವರದಿಯಲ್ಲಿ ಅವರ ಸಾಕ್ಷ್ಯ ಅಚ್ಚಾಗಿ, ಬ್ರಿಟಿಷ್ ಸರಕಾರದಲ್ಲಿ ಭಾರತದ ಆಡಳಿತದ ಹೊಣೆಯಿದ್ದ ಸಚಿವ ಆಸ್ಟೆನ್ ಚೇಂಬರ್ಲೇನ್ ರಾಜೀನಾಮೆ ಕೊಡಬೇಕಾಯಿತು.

ಹೀಗೆ ಬಂದವನಿಗೆ ಬಿಳಿಯ ಹಡಗಿನ ಮೇಲೆ ಒಗೆದ ಹಾಸಿಗೆ, ಕುದಿಸಿದ ನೀರು, ಕಟ್ಟು ಬದಲಾಯಿಸುವ ಕೈ ಸಿಕ್ಕಿದರೆ ಹಡಗಿನ ಹೆಸರನ್ನು ಅವನು ಓದುತ್ತಿದ್ದನೇ? ನೀರಿನಲ್ಲಿ ಆಳಕ್ಕೆ ಇಳಿಯುವ ದೊಡ್ಡ ಹಡಗುಗಳಿಗೆ, ಬಸ್ರಾದ ಮೂಲಕ ಕಡಲಿಗೆ ಹರಿಯುವ ಶಟ್ ಅಲ್ ಅರಬ್ ನದಿಯ ಮುಖದ ಮರಳುದಿಬ್ಬ ಅಡ್ಡಿಯಾಗಿ, ರೋಗಿಗಳನ್ನು ಸಣ್ಣ ದೋಣಿಯಿಂದ ದೊಡ್ಡ ಹಡಗಿಗೆ ಅಲೆಗಳ ಮೇಲೆಯೇ ಏರಿಸಬೇಕಾಗುತ್ತಿತ್ತು. ಮುರಿದ ತೊಡೆಯ ಮೂಳೆಯವನನ್ನು ನೆಲದ ಮೇಲೆ ಒಂದು ಮಂಚದಿಂದ ಇನ್ನೊಂದಕ್ಕೆ ಬದಲಿಸುವಾಗಲೇ ಅವನು ಎಷ್ಟು ಕೂಗುತ್ತಾನೆಂದು ನನಗೆ ಗೊತ್ತು. ಪದಕದ ಮೇಲೆ ಅರಸರ ಹೆಮ್ಮೆ ಇರಬಹುದು; ಹಡಗು ಮಾಡಿದ ಕೆಲಸವನ್ನು ಆ ಹೆಮ್ಮೆ ಸುಳ್ಳು ಮಾಡುವುದಿಲ್ಲ.

ಪ್ರಶ್ನಾರ್ಥಕ

ಅಮ್ಮಾ, ಹಡಗಿನ ಕೆಲಸವನ್ನು ನಾನು ಅಲ್ಲಗಳೆಯಲಿಲ್ಲ. ಆದರೆ ನೀವು ಕೊಟ್ಟ ಉದಾಹರಣೆಯೇ ನನ್ನ ಮಾತಿಗೂ ಆಧಾರವಾಗುತ್ತದೆ. ಗಾಯಾಳುಗಳನ್ನು ಸಾಗಿಸುವ ವ್ಯವಸ್ಥೆಯನ್ನು ಮಾಡಬೇಕಾಗಿದ್ದ ಸರಕಾರವೇ ಅದನ್ನು ಮಾಡದೆ, ಅರಸರ ದಾನದ ಮೇಲೂ ಪ್ರಜೆಗಳ ಚಂದಾದ ಮೇಲೂ ಬಿಟ್ಟಿತು. ದಾನ ಕೊಟ್ಟಾಗ ಅರಸರು ಪದಕ ಹೊಡೆಸಿದರು, ಕೊರತೆ ಬಂದಾಗ ಸರಕಾರ ಆಯೋಗ ಕೂರಿಸಿತು. ಕಾರ್ಟರ್ ಅವರ ಸಾಕ್ಷ್ಯಕ್ಕೆ ಪದಕ ಯಾಕಿಲ್ಲ?

ಟಂಕಪ್ರಿಯ

ಇದಕ್ಕೆ ಸಂಗ್ರಾಹಕನಾಗಿ ಒಂದು ಮಾತು. ಸ್ಮಾರಕ ಪದಕವನ್ನು ಹೊಡೆಸುವವನು ಯಾವಾಗಲೂ ಹಣವಿರುವವನೇ ಆದ್ದರಿಂದ, ಅದು ಹಣವಿರುವವನ ಮಾತನ್ನೇ ಆಡುತ್ತದೆ. ಆ ಮಾತು ನೇರವಾಗಿ ಸುಳ್ಳಾಗುವ ಸಂದರ್ಭವೂ ಉಂಟು. 1915ರ ಮೇ 7ರಂದು ಜರ್ಮನ್ ಜಲಾಂತರ್ನೌಕೆ ‘ಲುಸಿಟೇನಿಯಾ’ ಪ್ರಯಾಣಿಕ ಹಡಗನ್ನು ಮುಳುಗಿಸಿದಾಗ, ಮ್ಯೂನಿಕ್‌ನ ಪದಕಶಿಲ್ಪಿ ಕಾರ್ಲ್ ಗೋಟ್ಸ್ ಹಡಗಿನ ಕಂಪನಿಯನ್ನು ಅಣಕಿಸುವ ಪದಕವೊಂದನ್ನು ಮಾಡಿದ. ದಿನಾಂಕವನ್ನು ತಪ್ಪಾಗಿ ಮೇ 5 ಎಂದು ಹಾಕಿದ. ದಾಳಿಗೆ ಮೊದಲೇ ಪದಕ ಸಿದ್ಧವಾಗಿತ್ತು ಎಂಬುದಕ್ಕೆ ಇದೇ ಸಾಕ್ಷಿ ಎಂದು ಬ್ರಿಟಿಷರು ಕೂಗಿ, ಅದರ ನಕಲುಗಳನ್ನು ಲಕ್ಷಗಟ್ಟಲೆ ಎರಕ ಹೊಯ್ಯಿಸಿ ಪೆಟ್ಟಿಗೆಯಲ್ಲಿ ಹಾಕಿ ಮಾರಿದರು. ಇಂದು ಸಂತೆಯಲ್ಲಿ ಸಿಗುವುದು ಬಹುಪಾಲು ಬ್ರಿಟಿಷರ ನಕಲೇ. ಇದರ ಮುಂದೆ ‘ಲಾಯಲ್ಟಿ’ ಪದಕ ಬಹಳ ಸೌಮ್ಯ. ಅದು ಹೇಳಿದ್ದು ನಡೆದದ್ದನ್ನೇ. ಹೇಳದೆ ಬಿಟ್ಟದ್ದು ಬಹಳ ಎಂಬುದನ್ನು ಮಾತ್ರ ಒಪ್ಪುತ್ತೇನೆ.

ಪಡುವಣ ಗಾಳಿ

ಮಂಗಳೂರಿನಿಂದ ಬರೆಯುತ್ತಿದ್ದೇನೆ. ಕಡಲಕರೆಯವರ ಊರು ಆಗ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು, ಜಿಲ್ಲೆ ಮದ್ರಾಸ್ ಪ್ರಾಂತಕ್ಕೆ ಸೇರಿತ್ತು. ಆದ್ದರಿಂದ ನಮ್ಮ ಕಡೆಯವರು ಚಂದಾ ಎತ್ತಿದ್ದರೆ ಅದು ಅರಸರ ‘ಲಾಯಲ್ಟಿ’ಗಿಂತ ಬೇರೊಂದು ಆಸ್ಪತ್ರೆ ಹಡಗಿಗೆ ಸಂದಿರುವ ಸಂಭವ ಹೆಚ್ಚು. ಆ ಹಡಗು ‘ಮದ್ರಾಸ್’. ಗವರ್ನರ್ ಲಾರ್ಡ್ ಪೆಂಟ್‌ಲೆಂಡ್ ಕಾಲದಲ್ಲಿ ಮದ್ರಾಸ್ ಯುದ್ಧನಿಧಿಯಿಂದ, ಅಂದರೆ ಪ್ರಾಂತದ ಜನರಿಂದ ಕೂಡಿಸಿದ ಹಣದಿಂದ, ಬ್ರಿಟಿಷ್ ಇಂಡಿಯಾ ಕಂಪನಿಯ ‘ಟಾಂಡಾ’ ಎಂಬ ಹೊಸ ಹಡಗನ್ನು ಸಜ್ಜುಗೊಳಿಸಿ ‘ಮದ್ರಾಸ್’ ಎಂದು ಹೆಸರು ಬದಲಾಯಿಸಿದರು.

ಯುದ್ಧ ಮುಗಿದ ಮೇಲೆ ಅದು ಮರಳಿ ‘ಟಾಂಡಾ’ ಆಗಿ ಪ್ರಯಾಣಿಕರನ್ನು ಸಾಗಿಸಿತು. ಎರಡನೆಯ ಮಹಾಯುದ್ಧದಲ್ಲಿ, 1944ರ ಜುಲೈ 15ರಂದು, ಯು-181 ಎಂಬ ಜರ್ಮನ್ ಜಲಾಂತರ್ನೌಕೆ ಅದನ್ನು ಟಾರ್ಪಿಡೊ ಹೊಡೆದು ಮುಳುಗಿಸಿತು. ಎಲ್ಲಿ ಎಂದು ಕೇಳಿದರೆ ನಿಮಗೆ ಆಶ್ಚರ್ಯವಾದೀತು: ಮಂಗಳೂರಿನ ವಾಯವ್ಯಕ್ಕೆ, ನಮ್ಮದೇ ಅರಬ್ಬೀ ಸಮುದ್ರದಲ್ಲಿ. ಮಲ್ಪೆಯ ದಡದಲ್ಲಿ ನಿಂತು ಪಡುವಣಕ್ಕೆ ನೋಡಿದರೆ ಕಾಣುವ ನೀರಿನ ಆಚೆಗೆ, ಒಂದು ಕಾಲಕ್ಕೆ ನಮ್ಮ ಪ್ರಾಂತದ ಚಂದಾದಿಂದ ಆಸ್ಪತ್ರೆಯಾಗಿದ್ದ ಹಡಗು ತಳದಲ್ಲಿದೆ. ಆ ಹೊತ್ತಿಗೆ ಅದು ಆಸ್ಪತ್ರೆ ಹಡಗಾಗಿರಲಿಲ್ಲ ಎಂಬುದನ್ನು ಒತ್ತಿ ಹೇಳುತ್ತೇನೆ, ಇಲ್ಲದಿದ್ದರೆ ನಾಳೆ ಯಾರಾದರೂ ‘ಮಂಗಳೂರಿನ ಬಳಿ ಆಸ್ಪತ್ರೆ ಹಡಗನ್ನು ಮುಳುಗಿಸಿದರು’ ಎಂದು ಹಂಚಲು ಶುರು ಮಾಡುತ್ತಾರೆ.

ಕಡಲಕರೆ

ನಿಜಕ್ಕೂ ಆಶ್ಚರ್ಯವಾಯಿತು. ಮೈಸೂರು ಸಂಸ್ಥಾನವೂ ‘ಲಾಯಲ್ಟಿ’ಗೆ ಹಣ ಕೊಟ್ಟಿತ್ತೇ? ಹಾಗಿದ್ದರೆ ಪದಕವು ಆ ದಾರಿಯಿಂದಲೂ ಕನ್ನಡನಾಡಿಗೆ ಬಂದಿರಬಹುದಲ್ಲ.

ಟಂಕಪ್ರಿಯ

ನಾನು ಮೈಸೂರಿನವನೇ, ಆದ್ದರಿಂದ ಈ ಆಸೆ ನನಗೂ ಇತ್ತು. ಆದರೆ ಆಸೆಯನ್ನು ದಾಖಲೆ ಎಂದು ಬರೆಯಬಾರದು. ನಾಲ್ವಡಿ ಕೃಷ್ಣರಾಜ ಒಡೆಯರು 1914ರಲ್ಲಿ ಯುದ್ಧವೆಚ್ಚಕ್ಕೆ ಕೊಟ್ಟ ಐವತ್ತು ಲಕ್ಷ ರೂಪಾಯಿ ಪ್ರಸಿದ್ಧವೇ ಇದೆ. ಮೈಸೂರು ಲ್ಯಾನ್ಸರ್ಸ್ ಅಶ್ವದಳ ಈಜಿಪ್ಟಿಗೆ ಹೋಗಿ, 1918ರ ಸೆಪ್ಟೆಂಬರ್ 23ರಂದು ಹೈಫಾದಲ್ಲಿ ಜೋಧಪುರದ ದಳದೊಡನೆ ಸೇರಿ ಕಾದಿತು. ಅದರ ಸ್ಮಾರಕ ಬೆಂಗಳೂರಿನ ಜಯಚಾಮರಾಜೇಂದ್ರ ನಗರದಲ್ಲಿದೆ. ಇವೆರಡೂ ಸಾಕಷ್ಟು ದೊಡ್ಡವು. ಇವನ್ನು ಎಳೆದು ತಂದು ಈ ಹಡಗಿಗೆ ಕಟ್ಟುವ ಅಗತ್ಯವಿಲ್ಲ.

ಹಾಯಿಹಗ್ಗ

ಪ್ರಶ್ನಾರ್ಥಕರು ಹೆಸರಿನ ಮೇಲೆ ಇಷ್ಟು ಸಿಟ್ಟಾಗಿರುವುದರಿಂದ, ಆ ಹೆಸರಿಗೆ ಮುಂದೆ ಏನಾಯಿತು ಎಂಬುದನ್ನು ಹೇಳದಿದ್ದರೆ ಅನ್ಯಾಯವಾಗುತ್ತದೆ. ಪದಕದಲ್ಲಿ ಕಥೆ 1918ಕ್ಕೆ ನಿಲ್ಲುತ್ತದೆ, ಹಡಗು ಮಾತ್ರ ನಿಲ್ಲಲಿಲ್ಲ.

1919ರಲ್ಲಿ ಮುಂಬಯಿಯ ಉದ್ಯಮಿಗಳಾದ ವಾಲಚಂದ್ ಹೀರಾಚಂದ್, ನರೋತ್ತಮ ಮೊರಾರ್ಜಿ ಮೊದಲಾದವರು ಗ್ವಾಲಿಯರ್ ಮಹಾರಾಜರಿಂದ ಈ ಹಡಗನ್ನು ಕೊಂಡು ಒಂದು ಕಂಪನಿಯನ್ನು ಕಟ್ಟಿದರು. ಹಡಗು ಬಂದ ಮನೆತನದ ಹೆಸರನ್ನೇ ಕಂಪನಿಗೂ ಇಟ್ಟು ‘ಸಿಂಧಿಯಾ ಸ್ಟೀಮ್ ನ್ಯಾವಿಗೇಷನ್’ ಎಂದರು. 1919ರ ಏಪ್ರಿಲ್ 5ರಂದು ‘ಲಾಯಲ್ಟಿ’ ಮುಂಬಯಿಯಿಂದ ಲಂಡನ್ನಿಗೆ ಹೊರಟಿತು. ಭಾರತೀಯ ಒಡೆತನದ ಕಂಪನಿಯ ಹಡಗು ಬ್ರಿಟಿಷ್ ಕಂಪನಿಗಳ ಏಕಸ್ವಾಮ್ಯವಿದ್ದ ಆ ದಾರಿಗೆ ಇಳಿದ ದಿನವೆಂದು ಏಪ್ರಿಲ್ 5ನ್ನು ನಾವು 1964ರಿಂದ ರಾಷ್ಟ್ರೀಯ ನೌಕಾಯಾನ ದಿನವಾಗಿ ಆಚರಿಸುತ್ತಿದ್ದೇವೆ. ಬಂದರುಗಳಲ್ಲಿ ಆ ದಿನ ಸಣ್ಣ ಧ್ವಜವನ್ನು ಎದೆಗೆ ಚುಚ್ಚಿಕೊಳ್ಳುವವರಲ್ಲಿ ಎಷ್ಟು ಮಂದಿಗೆ ಅದೇ ಹಡಗು ಐದು ತಿಂಗಳ ಹಿಂದಿನವರೆಗೂ ಆಸ್ಪತ್ರೆಯಾಗಿತ್ತು ಎಂಬುದು ಗೊತ್ತಿರುತ್ತದೋ!

ಇನ್ನೊಂದು ತಮಾಷೆಯನ್ನು ಗಮನಿಸಿ. ಪಡುವಣ ಗಾಳಿಯವರು ಹೇಳಿದ ‘ಮದ್ರಾಸ್’ ಹಡಗು ಬ್ರಿಟಿಷ್ ಇಂಡಿಯಾ ಕಂಪನಿಯದು. 1906ರಲ್ಲಿ ತೂತ್ತುಕುಡಿಯಲ್ಲಿ ಚಿದಂಬರಂ ಪಿಳ್ಳೆಯವರು ಕಟ್ಟಿದ ಸ್ವದೇಶಿ ಹಡಗು ಕಂಪನಿಯನ್ನು ದರ ಇಳಿಸಿ ಹಣಿದದ್ದು ಅದೇ ಕಂಪನಿ. ಯುದ್ಧಕಾಲದಲ್ಲಿ ಬಿಳಿಯ ಬಣ್ಣ ಬಳಿದುಕೊಂಡು ಒಂದೇ ಕೆಲಸ ಮಾಡಿದ ಎರಡು ಹಡಗುಗಳು, ಬಣ್ಣ ಕೆರೆದ ಕೂಡಲೇ ಎದುರುಬದುರು ಪಾಳೆಯಗಳಲ್ಲಿ ನಿಂತವು. ಅರಸರು ರಾಜಭಕ್ತಿಗೆಂದು ಇಟ್ಟ ಹೆಸರು ಸಿಂಧಿಯಾ ಎಂಬ ಸ್ವದೇಶಿ ಕಂಪನಿಯ ಮೊದಲ ಹಡಗಿನ ಮೇಲೆ ಉಳಿಯಿತು. ಹೊಸ ಒಡೆಯರು ಅದನ್ನು ಬದಲಾಯಿಸುವ ಗೋಜಿಗೆ ಹೋಗಲಿಲ್ಲ. ಹಡಗು ಆಗಲೇ ಮುದಿಯಾಗಿತ್ತು, ಲಾಭ ತರಲಿಲ್ಲ. 1923ರಲ್ಲಿ ಮುಂಬಯಿಯಲ್ಲಿಯೇ ಅದನ್ನು ಒಡೆದು ಗುಜರಿಗೆ ಹಾಕಿದರು.

ಪ್ರಶ್ನಾರ್ಥಕ

ಈ ಸಂಗತಿ ನನಗೆ ಹೊಸದು. ನೌಕಾಯಾನ ದಿನದ ‘ಲಾಯಲ್ಟಿ’ಯೂ ಪದಕದ ‘ಲಾಯಲ್ಟಿ’ಯೂ ಒಂದೇ ಹಡಗು ಎಂದು ನಾನು ಯೋಚಿಸಿರಲಿಲ್ಲ. ಹೆಸರಿನ ಬಗ್ಗೆ ನನ್ನ ಅಭಿಪ್ರಾಯ ಬದಲಾಗದಿದ್ದರೂ, ‘ದಾನದ ರಸೀದಿ’ ಎಂದದ್ದನ್ನು ಸ್ವಲ್ಪ ತಿದ್ದುತ್ತೇನೆ: ರಸೀದಿ ಬರೆಸಿಕೊಂಡವನ ಕೈಯಲ್ಲಿ ಅದರ ಅರ್ಥ ಉಳಿಯಲಿಲ್ಲ.

ನಿವೃತ್ತ ದಾದಿ

ಆಸ್ಪತ್ರೆ ಹಡಗುಗಳ ನೆನಪನ್ನು ಇನ್ನೊಂದು ಬಗೆಯಲ್ಲಿ ಉಳಿಸಿಕೊಂಡವರೂ ಇದ್ದಾರೆ. 1943ರ ಮೇ 14ರ ಬೆಳಗಿನ ಜಾವ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ಕರಾವಳಿಯ ಬಳಿ, ದೀಪಗಳನ್ನೆಲ್ಲ ಉರಿಸಿಕೊಂಡು, ಬಿಳಿಯ ಮೈಗೆ ಹಸಿರು ಪಟ್ಟಿ ಮತ್ತು ಕೆಂಪು ಶಿಲುಬೆಗಳನ್ನು ಬಳಿದುಕೊಂಡು ಹೋಗುತ್ತಿದ್ದ ‘ಸೆಂಟಾರ್’ ಆಸ್ಪತ್ರೆ ಹಡಗನ್ನು ಜಪಾನಿನ ಜಲಾಂತರ್ನೌಕೆ ಮುಳುಗಿಸಿತು. ಹಡಗಿನಲ್ಲಿದ್ದ 332 ಮಂದಿಯಲ್ಲಿ 268 ಮಂದಿ ಸತ್ತರು. ಹನ್ನೆರಡು ದಾದಿಯರಲ್ಲಿ ಬದುಕಿದವರು ಸಿಸ್ಟರ್ ಎಲೆನ್ ಸಾವೇಜ್ ಒಬ್ಬರೇ. ಪಕ್ಕೆಲುಬು ಮುರಿದಿದ್ದರೂ ಅದನ್ನು ಯಾರಿಗೂ ಹೇಳದೆ ತೇಲುವ ಹಲಗೆಗಳ ಮೇಲೆ ಉಳಿದವರ ಆರೈಕೆ ಮಾಡಿದ್ದಕ್ಕಾಗಿ ಅವರಿಗೆ ಜಾರ್ಜ್ ಮೆಡಲ್ ಕೊಟ್ಟರು. ಆ ಪದಕ ಹಡಗಿಗಲ್ಲ, ಹಡಗಿನಲ್ಲಿದ್ದವಳಿಗೆ ಸಂದದ್ದು. ಪ್ರಶ್ನಾರ್ಥಕರು ಬಯಸಿದ್ದು ಇಂತಹದನ್ನೇ ಇರಬೇಕು.

‘ಲಾಯಲ್ಟಿ’ಗೆ ಅಂತಹ ಗತಿ ಬರಲಿಲ್ಲ ಎಂಬುದೂ ಒಂದು ಭಾಗ್ಯ. 1916ರ ನವೆಂಬರಿನಲ್ಲಿ ‘ಬ್ರಿಟಾನಿಕ್’ ಗ್ರೀಸಿನ ಬಳಿ, 1918ರ ಜೂನಿನಲ್ಲಿ ‘ಲ್ಯಾಂಡವರಿ ಕ್ಯಾಸಲ್’ ಐರ್ಲೆಂಡಿನ ಬಳಿ ಮುಳುಗಿದವು. ಎರಡನೆಯದರಲ್ಲಿ 234 ಮಂದಿ ಸತ್ತರು, ಉಳಿದವರು 24 ಮಂದಿ. ನಾಲ್ಕು ವರ್ಷ ಓಡಾಡಿ ಮುಳುಗದೆ ಗುಜರಿಗೆ ಹೋದ ಹಡಗನ್ನು ಲೋಕ ಮರೆಯುತ್ತದೆ, ಮುಳುಗಿದ್ದನ್ನು ನೆನಪಿಡುತ್ತದೆ. ಆ ಕಾರಣಕ್ಕಾದರೂ ಈ ಬಿಲ್ಲೆ ಇರಲಿ.

ಕಡಲಕರೆ

ಮೂರು ದಿನದ ಅನಂತರ ಬರೆಯುತ್ತಿದ್ದೇನೆ, ಕ್ಷಮಿಸಿ. ಪೆಟ್ಟಿಗೆಯನ್ನು ಮತ್ತೆ ಜಾಲಾಡಿದೆ, ಎರಡನೆಯ ಪದಕವೇನೂ ಸಿಗಲಿಲ್ಲ. ಅನಂತರ ಕುಂದಾಪುರದಲ್ಲಿರುವ, ಎಂಬತ್ತೆಂಟು ವರ್ಷದ ನನ್ನ ಸೋದರತ್ತೆಯನ್ನು ನೋಡಲು ಹೋಗಿ ಬಿಲ್ಲೆಯನ್ನು ಅವರ ಅಂಗೈಯಲ್ಲಿಟ್ಟೆ. ಅವರಿಗೆ ಈಗ ಕಣ್ಣು ಮಂಜಾಗಿದೆ. ಹೆಬ್ಬೆರಳಿನಿಂದ ತೂತನ್ನು ಮುಟ್ಟಿ ನೋಡಿದ ಕೂಡಲೇ, “ಇದು ತೊಟ್ಲಿನ ಬಿಲ್ಲೆ ಅಲ್ದನಾ?” ಎಂದರು.

ಪಿಜ್ಜ ಮುಂಬಯಿಯಿಂದ ತಂದ ಇದನ್ನು ಮನೆಯಲ್ಲಿ ಮಗು ಹುಟ್ಟಿದಾಗಲೆಲ್ಲ ಕರಿದಾರದಲ್ಲಿ ಪೋಣಿಸಿ ತೊಟ್ಟಿಲಿನ ಅಡ್ಡಕೋಲಿಗೆ ಕಟ್ಟುತ್ತಿದ್ದರಂತೆ. ಮಗುವಿಗೆ ದೃಷ್ಟಿಯಾಗಬಾರದೆಂದೂ, ಕೈಕಾಲು ಆಡಿಸಿ ಅದನ್ನು ಹಿಡಿಯಲು ನೋಡಲೆಂದೂ ಎರಡೂ ಕಾರಣ ಹೇಳಿದರು. ಹಿಡಿದ ಮಕ್ಕಳೆಲ್ಲ ಅದನ್ನು ನೇರ ಬಾಯಿಗೇ ಹಾಕಿಕೊಂಡವು. ಅತ್ತೆ, ನನ್ನ ಅಪ್ಪ, ಅವರ ಐವರು ಒಡಹುಟ್ಟಿದವರು, ಅವರಿಗಿಂತ ಹಿಂದಿನವರು. ಹಡಗಿನ ಚಿತ್ರ ಸವೆದದ್ದು ಹೇಗೆಂದು ಈಗ ತಿಳಿಯಿತು. ಪಿಜ್ಜ ಹಡಗಿನಲ್ಲಿ ಏನು ಕೆಲಸ ಮಾಡುತ್ತಿದ್ದರೆಂದು ಕೇಳಿದೆ. “ಹಡಗಿನಲ್ಲಿ ಇದ್ದಿದ್ರು ಅಂತ ನಿನ್ನ ಅಪ್ಪ ಹೇಳ್ತಿದ್ದ, ನಮ್ಮಪ್ಪ ಯಾವತ್ತೂ ಹೇಳ್ಲಿಲ್ಲ” ಎಂದರು. ಅಲ್ಲಿಗೆ ನನ್ನ ರುಜುವಾತಿನ ಪ್ರಶ್ನೆ ಮುಗಿಯಿತು.

ತೂತನ್ನು ಮುಚ್ಚಿಸುವುದಿಲ್ಲ ಎಂದು ಆಚಾರಿಯವರಿಗೆ ಹೇಳಿದ್ದೇನೆ. ಈಗ ಬೇರೊಂದು ಪ್ರಶ್ನೆ ಎದ್ದಿದೆ. ಅತ್ತೆಯ ಮೊಮ್ಮಗಳಿಗೆ ಬರುವ ತಿಂಗಳು ಹೆರಿಗೆ. ಬಿಲ್ಲೆಯನ್ನು ಅವರು ನನಗೆ ಹಿಂದಿರುಗಿಸಲಿಲ್ಲ, ತಲೆದಿಂಬಿನ ಕೆಳಗೆ ಇಟ್ಟುಕೊಂಡರು. ಹಳೆಯ ಕಂಚನ್ನು ಮಗು ಬಾಯಿಗೆ ಹಾಕಿಕೊಂಡರೆ ಅಪಾಯವುಂಟೇ?

ನಿವೃತ್ತ ದಾದಿ

ಉಂಟು. ಹಳೆಯ ಕಂಚಿನಲ್ಲಿ ಸೀಸ ಬೆರೆತಿರುವುದು ಅಪರೂಪವಲ್ಲ, ಕಿಲುಬೂ ಹೊಟ್ಟೆಗೆ ಹೋಗಬಾರದು. ಹಿಂದಿನವರಿಗೆ ಏನೂ ಆಗಲಿಲ್ಲವಲ್ಲ ಎಂದು ಅತ್ತೆ ವಾದಿಸುತ್ತಾರೆ, ನೀವು ಸೋಲಬೇಡಿ. ಬಾಣಂತಿ ಕೋಣೆಯಲ್ಲಿ ತೊಟ್ಟಿಲನ್ನು ತೂಗುಹಾಕುವ ಜಂತಿಗೆ, ಮಗುವಿನ ಕೈಗೆಟುಕದಷ್ಟು ಎತ್ತರದಲ್ಲಿ ಕಟ್ಟಲು ಹೇಳಿ. ನೋಡಲು ಸಿಕ್ಕಿದರೆ ಸಾಕು.

ಟಂಕಪ್ರಿಯ

ಪ್ಲಾಸ್ಟಿಕ್ ದಾರ ಬೇಡ, ಹತ್ತಿಯ ದಾರವೇ ಇರಲಿ. ಎರಡೆಳೆ ಸಾಲದು, ನಾಲ್ಕೆಳೆ ಹೊಸೆಯಿರಿ. ತೂತಿನ ಮೇಲ್ಗಡೆಯ ಅಂಚು ಸವೆದು ತೆಳುವಾಗಿರುವುದರಿಂದ ದಾರವನ್ನು ಬಿಗಿಯಾಗಿ ಗಂಟು ಹಾಕದೆ ಸ್ವಲ್ಪ ಸಡಿಲ ಬಿಡಿ. ಹೆರಿಗೆಯಾದ ಮೇಲೆ ಒಂದು ಫೋಟೊ ಹಾಕಿ. ಪದಕದ್ದು.